ಬೈಯುವುದನ್ನು ಮರೆತವನು

ಘಟಪ್ರಭಾ ಬಸ್ ನಿಲ್ದಾಣದಲ್ಲಿ ಹುಕ್ಕೇರಿ ಬಸ್ಸಿಗೆ ಕಾದು ಕಾದು ದುಂಡಪ್ಪ ಕೆಂಡವಾಗಿದ್ದ. ಪಕ್ಕದಲ್ಲಿ ಗಂಡ ಹೆಂಡತಿ ಬಂದು ಕುಳಿತರು. ಗಂಡ ಕೂಡುವ ಮುಂಚೆ ಬೆಂಚಿಗೂ ಕೈ ಮುಗಿದ.

"ಮೊನ್ನೆ ಮೂಡಲಗಿಗೆ ಹೋದಾಗ ನಿಮ್ಮ ತಮ್ಮ ಯಾಕ ಬಾಗಲಾ ತಗೀಲಿಲ್ಲ, ಗೊತ್ತೇನ್ರಿ?" ಎಂದಳು ಹೆಂಡತಿ.

"ಸಿಟ್ಟು ಇಳದಿಲ್ಲ, ಜಿನ್ನವ್ವಾ. ಬದುವಿನ ಜಗಳದಾಗ ಅವನ ಕೈ ಮುರದಾಂವ ನಾನಽ ಅಲ್ಲೇನು?"

"ಅದಕ್ಕಲ್ಲ. ನೀವು ಕೈ ಮುಗದು ನಿಂತ್ರಿ, ಅಂಜಿದ. ಜೇಲಿನಾಗ ಏನೋ ದೊಡ್ಡ ಸಂಚು ಕಲತು ಬಂದಾನ ಅಂದನಂತ. ನೆಗೆಣ್ಣಿ, ಅವನ ಹೇಣ್ತಿನಽ, ಹೇಳಿದ್ಲು."

"ತಪ್ಪಾತು ಅನ್ನಾಕ ಹೋಗಿದ್ದೆ."

"ಮದಲ ಬೈರಿ. ಹಿಂದಕಿನಂಗ ಓಣಿ ತುಂಬ ಬೈದ್ರ, ಇಂವ ನಮ್ಮಣ್ಣನಽ ಅಂತ ಬಾಗಲಾ ತಗೀತಾನ. ಆಮ್ಯಾಲ ಕಾಲು ಹಿಡೀರಿ."

"ಬೈಗಳಾ ಬಾಯಿಗೆ ಬರವಲ್ದು."

"ಈ ಕಾಕಾಗ ಬೈದು ನೋಡ್ರಿ."

ಗಂಡ ದುಂಡಪ್ಪನ ಕಡೆ ತಿರುಗಿದ. "ಅಪ್ಪಣೆ ಆದ್ರ ಒಂದೀಟು ಬೈತೇನ್ರಿ."

ಬೇರೆ ಯಾರಾದರೂ ಆಗಿದ್ದರೆ ದುಂಡಪ್ಪ ಕಪಾಳಕ್ಕೆ ಬಿಗಿಯುತ್ತಿದ್ದ. ಅಪ್ಪಣೆ ಕೇಳಿ ಬೈಯುವವನ ಮೇಲೆ ಕೈ ಏಳಲಿಲ್ಲ. "ಬೈರಿ," ಎಂದ.

"ಲೇ ಖೋಡಿ... ಕ್ಷಮಾ ಮಾಡ್ರಿ. ಊಟ ಆತೇನ್ರಿ?"

ಜಿನ್ನವ್ವ ಹಣೆ ಬಡಿದುಕೊಂಡಳು. "ಇಷ್ಟಕ್ಕ ಅಂವ ಚಿಲಕಾ ಸೈತ ಮುಟ್ಟೂದಿಲ್ಲ!"

ಮೂಡಲಗಿ ಬಸ್ಸು ಬಂತು. ಗಂಡ ಚೀಲ ಎತ್ತಿಕೊಂಡ.

"ತಗೀಲಿಲ್ಲಂದ್ರ ಕಟ್ಟಿ ಮ್ಯಾಲ ಕುಂಡ್ರತೇನಿ. ಮೂರು ವರ್ಷ ಒಳಗ ಕುಂತಾಂವಗ ಹೊರಗ ಕುಂಡ್ರೂದು ಏನು ದೊಡ್ಡದು?"

ಜಿನ್ನವ್ವನನ್ನೂ ನೂಕಾಡುವ ಮಂದಿಯನ್ನೆಲ್ಲ ಮುಂದೆ ಬಿಟ್ಟು, ಎಲ್ಲರಿಗಿಂತ ಕೊನೆಗೆ ಹತ್ತಿ, ಅವನು ಬಾಗಿಲಲ್ಲೇ ನಿಂತುಕೊಂಡು ಹೋದ.