ಮನೇಲಿ ಯಾರಾದ್ರೂ ಹೆದರ್ತಾರಾ?

ಅಯ್ಯೋ, ಹಾಗಲ್ಲ ರೀ! ನಿದ್ದೆ ಚೆನ್ನಾಗಿ ಬರುತ್ತಾ ಅಂತ ಡಾಕ್ಟರು ಕೇಳಿದ ತಕ್ಷಣ ಹೀಗೆ ನೆಲ ನೋಡಿಬಿಟ್ರೆ ಮುಗೀತು ಕತೆ. ನೆಲದ ಮೇಲೆ ಉತ್ತರ ಬರೆದಿಟ್ಟಿದಾರಾ? ತಲೆ ಎತ್ತಿ. ಇನ್ನೂ ಸ್ವಲ್ಪ... ಹಾಂ. ಈಗ ಹೇಳಿ. "ಬರುತ್ತೆ ಡಾಕ್ಟ್ರೇ. ಮಲಗಿದ್ರೆ ಬೆಳಗ್ಗೇನೇ ಏಳೋದು." ಅಷ್ಟೇ. ಹಾಗಂತ ಎದೆ ಸೆಟೆಸಿಕೊಂಡು ಸಾಹೇಬರಿಗೆ ವರದಿ ಒಪ್ಪಿಸೋ ಹಾಗೆ ಹೇಳಬೇಡಿ ಮತ್ತೆ. ಅದು ಆಸ್ಪತ್ರೆ, ಪಟಾಲಂ ಅಲ್ಲ.

ಯಾಕೆ ನಗ್ತೀರಿ? ಡಾಕ್ಟರು ಹೆಂಗಸಾಗಿರಬಾರದಾ? ಅಳತೆ ಟೇಪು ಕುತ್ತಿಗೇಲಿ ನೇತಾಡ್ತಿದೆ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದೆ, ಬಾಯಿ ಅಂತೂ ಇದ್ದೇ ಇದೆ. ನನಗಿಂತ ದೊಡ್ಡ ಡಾಕ್ಟರು ಬೇಕಾ ನಿಮಗೆ? ನಗಿ, ನಗಿ. ಎಷ್ಟು ದಿನ ಆಗಿತ್ತು ಆ ಹಲ್ಲು ನೋಡಿ! ಅಲ್ಲೂ ಒಂದು ಸಲ ಹೀಗೇ ನಕ್ಕುಬಿಡಿ. ...ಆದ್ರೆ ಸುಮ್ ಸುಮ್ನೆ ನಗಬೇಡಿ. ಸುಮ್ ಸುಮ್ನೆ ನಕ್ಕರೂ ಬರ್ಕೋತಾರಂತೆ ಅವರು.

ಯಾರು ಹೇಳಿದ್ರಾ? ಮೀಸೆ ಗಾರ್ಡ್ ಹೆಂಡತಿ. ಅವರ ಪರೀಕ್ಷೆ ಹೋದ ವಾರಾನೇ ಆಯ್ತಲ್ಲ. ಡಾಕ್ಟರು ಕೇಳಿದ್ದಷ್ಟನ್ನೂ ಗಂಡನ ಬಾಯಿಂದ ಬಿಡಿಸಿ, ಬಾಯಿಪಾಠ ಮಾಡ್ಕೊಂಡು ಬಂದು ನನಗೆ ಒಪ್ಪಿಸಿದ್ಲು, ಪಾಪ. ಅವಳ ಯಜಮಾನ್ರು ಏನು ಮಾಡಿದ್ರು ಗೊತ್ತಾ? ಸತ್ಯ ಹೇಳ್ಬಿಟ್ರು. "ಒಂದೊಂದು ಸಲ ನಿದ್ದೆ ಬರಲ್ಲ ಸಾರ್" ಅಂದ್ರಂತೆ. ಅಷ್ಟಕ್ಕೇ! ಈಗ ಹಗಲೂ ಮನೇಲಿ, ರಾತ್ರೀನೂ ಮನೇಲಿ. ನೆಂಟರು ಬಂದ್ರೆ ಹಣ್ಣು ಹೆಚ್ಚೋ ಚಾಕು ಕೂಡ ಅವರ ಮುಂದೆ ಇಡಲ್ಲವಂತೆ, ಮೆಲ್ಲಗೆ ಅಡುಗೆಮನೆಗೆ ತಗೊಂಡು ಹೋಗ್ತಾರಂತೆ. ಅವರಿಗೆ ಕಾಣಿಸಲ್ವಾ ಅದು? ಕಾಣಿಸುತ್ತೆ. ಕಂಡೂ ಹಣ್ಣು ತಿಂತಾರೆ.

ನಿಮಗೆ ಹಾಗಾಗೋಕೆ ನಾನು ಬಿಡಲ್ಲ. ಬಿಡಲ್ಲ ಅಂದ್ರೆ ಬಿಡಲ್ಲ.

ಶರ್ಟ್ ತೋಳು ಹಿಡ್ಕೊಳ್ಳಿ ಈ ಕಡೆ. ಎಳೀಬೇಡಿ, ಸುಮ್ನೆ ಹಿಡ್ಕೊಳ್ಳಿ.

ನೀವೇ ಹೇಳಿ, ನಿಮ್ಮ ತಪ್ಪೇನಿದೆ ಇದರಲ್ಲಿ? ಮಾರ್ಕೆಟ್ಟಲ್ಲಿ ಆ ಪುಣ್ಯಾತ್ಮ ಬಂದೂಕು ಎತ್ತಿದ್ದೇ ಎತ್ತಿದ್ದು, ಊರಲ್ಲಿರೋ ಮಾಜಿ ಸೈನಿಕರಿಗೆಲ್ಲ ತಲೆ ಪರೀಕ್ಷೆ! ಬ್ಯಾಂಕ್ ಬಾಗಿಲಲ್ಲಿ ನಿಂತು ನಿಂತು ನಿಮ್ಮ ಮೂರು ಜೊತೆ ಬೂಟು ಸವೆದುಹೋಯ್ತು, ಒಂದು ದಿನ ಒಂದು ಗುಂಡು ಹಾರಿದೆಯಾ? ಎಳೇ ಮಗೂನ ಎತ್ಕೊಂಡ ಹಾಗೆ ಎತ್ಕೊಂಡಿರ್ತಿದ್ರಿ ಬಂದೂಕನ್ನ. ಈಗ ಸೆಕ್ಯುರಿಟಿ ಏಜೆನ್ಸಿಯವರು ಅದನ್ನ ವಾಪಸ್ ಇಸ್ಕೊಂಡು, ತಲೆ ಸರಿಯಿದೆ ಅಂತ ಡಾಕ್ಟರ ಕೈಲಿ ಬರೆಸ್ಕೊಂಡು ಬನ್ನಿ, ಆಮೇಲೆ ನೋಡೋಣ ಅಂತಾರೆ. ಅದನ್ನ ಹೇಳಿದ ಮ್ಯಾನೇಜರ್ ತಲೇನ ಯಾರು ನೋಡಿದಾರೆ?

ಟಿವಿಯವರಂತೂ ಬಿಡಿ. ಮೊದಲನೇ ದಿನ "ಒಬ್ಬ ಮಾಜಿ ಸೈನಿಕ" ಅಂದ್ರು. ಮಾರನೇ ದಿನ "ಹುಚ್ಚು ಸೈನಿಕ" ಅಂದ್ರು. ಅದರ ಮಾರನೇ ದಿನ ನಾಲ್ಕು ಜನ ಕೋಟು ಹಾಕ್ಕೊಂಡು ಕೂತ್ಕೊಂಡು, ಸೈನಿಕರಿಗೆಲ್ಲ ಹುಚ್ಚು ಹಿಡಿಯುತ್ತಾ ಅಂತ ಚರ್ಚೆ! ಸತ್ತೋಳು ಸೊಪ್ಪು ಮಾರೋಳು. ಅವಳ ಹೆಸರು ಒಬ್ಬನಾದ್ರೂ ಹೇಳಿದ್ನಾ? ನಾನು ಟಿವಿ ವೈರು ಕಿತ್ತಿದ್ದೇ ಅದಕ್ಕೆ. ...ಇಲ್ಲ, ಅದಕ್ಕಷ್ಟೇ ಅಲ್ಲ. ಆ ಮನುಷ್ಯನ ಫೋಟೋ ಬಂದಾಗೆಲ್ಲ ನೀವು ಟಿವಿ ಮುಂದೆ ಹೋಗಿ ನಿಂತ್ಬಿಡ್ತಿದ್ರಿ. ಅಷ್ಟು ಹತ್ತಿರ. ಗೊತ್ತಿರೋನಾ ಅಂತ ಕೇಳಿದ್ರೆ ಇಲ್ಲ ಅಂತ ತಲೆ ಆಡಿಸ್ತಿದ್ರಿ. ಗೊತ್ತಿಲ್ಲದವನ ಮುಖ ಯಾರು ಹಾಗೆ ನೋಡ್ತಾರೆ? ಬೆಳಗ್ಗೆ ಗಡ್ಡ ಹೆರೆಯುವಾಗ ಕನ್ನಡಿ ನೋಡ್ಕೋತೀರಲ್ಲ, ಹಾಗೆ ನೋಡ್ತಿದ್ರಿ...

ಹೋಗ್ಲಿ ಬಿಡಿ. ಎರಡನೇ ಪ್ರಶ್ನೆ. ನಾನು ಡಾಕ್ಟರು. ಹ್ಹುಂ. "ಜೋರಾಗಿ ಸದ್ದಾದ್ರೆ ಬೆಚ್ಚಿಬೀಳ್ತೀರಾ?"

ಇಲ್ಲ ಅನ್ನಿ. ಗಟ್ಟಿಯಾಗಿ... ಇಲ್ಲ!

ಏನು ಹಾಗೆ ನೋಡ್ತೀರಿ? ಅಂಗಡಿಯಣ್ಣನ ವಿಷಯ ಅವರಿಗೆ ಯಾರು ಹೇಳ್ತಾರೆ? ಶಟರ್ ದಡಾರ್ ಅಂತ ಬಿತ್ತು, ನೀವು ಅವನನ್ನ ನೆಲಕ್ಕೆ ಕೆಡವಿ ಮೇಲೆ ಮಲಗಿಬಿಟ್ರಿ. ಕಾಪಾಡೋಕೆ ಮಲಗಿದ್ದು ಅಂತ ನನಗೆ ಗೊತ್ತು. ಅವನಿಗೆ ಹೇಗೆ ಗೊತ್ತಾಗಬೇಕು ರೀ? ಪಾಪ, ಕೈಯಲ್ಲಿ ಬೇಳೆ ತೂಗ್ತಿದ್ದ. ಬೇಳೆಯೆಲ್ಲ ಚೆಲ್ಲಿ, ಇಬ್ಬರೂ ಬೇಳೆ ಮೇಲೆ! ...ಆಗ ಅವನೂ ನಕ್ಕಿದ್ದ. ಬಿದ್ದಲ್ಲಿಂದಲೇ, ಅಣ್ಣ, ಯುದ್ಧ ಮುಗೀತಾ, ಏಳಬಹುದಾ ಅಂತ ಕೇಳಿದ್ದ. ಒಳ್ಳೇ ಮನುಷ್ಯ. ಈಗ ಅದೇ ಕತೇನ ಅವನು ಬೇರೆ ತರ ಹೇಳ್ತಿದಾನೆ. ಮಾರ್ಕೆಟ್ ಗಲಾಟೆ ಆದಾಗಿಂದ ನಗು ಬಿಟ್ಟು ಹೇಳ್ತಿದಾನೆ, ಅಷ್ಟೇ.

ಮಹಡಿ ಮನೆಯಾಕೆ ಬಂದಿದ್ಲು ಮೊನ್ನೆ. ನಿಮಗೆ ಹೇಳಿರ್ಲಿಲ್ಲ. ಯೂನಿಫಾರಂ ಹೊಲಿಯೋಕೆ ಕೊಟ್ಟಿದ್ದ ಬಟ್ಟೆ ವಾಪಸ್ ಕೊಡು ಅಂದ್ಲು. ಅರ್ಧ ಕತ್ತರಿಸಿದೀನಿ ಅಂದೆ. ಅರ್ಧಾನೇ ಕೊಡು ಅಂದ್ಲು! ಹೊಸಿಲು ದಾಟಲಿಲ್ಲ ಮಹಾರಾಯ್ತಿ, ಹೊರಗೇ ನಿಂತು ಒಳಗೆ ಇಣುಕ್ತಿದ್ಲು, ನೀವು ಎಲ್ಲಿದ್ದೀರಿ ಅಂತ. ನೀವು ಆಗ ಹಿತ್ತಲಲ್ಲಿ ನಮ್ಮ ಪುಟ್ಟೀ ಸ್ಕೂಲ್ ಶೂಗೆ ಪಾಲಿಶ್ ಹಾಕ್ತಿದ್ರಿ. "ಹೆಣ್ಣುಮಗು ಇರೋ ಮನೆ, ನೀನು ಹೇಗೆ ಧೈರ್ಯವಾಗಿ ಮಲಗ್ತೀಯೇ?" ಅಂತ ಪಿಸುಗುಟ್ಟಿದ್ಲು. ನಾನು ಬಿಡ್ತೀನಾ? "ನನ್ನ ಮಗು ಅವರ ಎದೆ ಮೇಲೇ ಮಲಗುತ್ತೆ ಕಣಮ್ಮ. ನಿನ್ನ ಗಂಡ ಕುಡಿದು ಬಂದ ದಿನ ನಿನ್ನ ಮಕ್ಕಳು ಎಲ್ಲಿ ಮಲಗ್ತವೆ, ಮೊದಲು ಹೇಳು" ಅಂದೆ. ಬಟ್ಟೆ ಕಿತ್ಕೊಂಡು ಹೋದ್ಲು. ಒಂದು ತೋಳು ಬಿಟ್ಟೇ ಹೋದ್ಲು! ಇಲ್ಲೇ ಬಿದ್ದಿದೆ ನೋಡಿ.

ನಗಲ್ವಾ? ಇದಕ್ಕೆ ನಗಬಹುದು ನೀವು.

ಸರಿ. ಮೂರನೇದು. "ಅಲ್ಲಿದ್ದಾಗ ನೋಡಿದ್ದು ಏನಾದ್ರೂ ನೆನಪಿಗೆ ಬರುತ್ತಾ? ಕನಸಲ್ಲಿ?" ಇದಕ್ಕೆ ಹುಷಾರು. ಏನೂ ಇಲ್ಲ ಅಂದ್ರೆ ಸುಳ್ಳು ಅಂತಾರೆ. ಸ್ವಲ್ಪ ಏನಾದ್ರೂ ಹೇಳಿ. ಚಳಿ ಇತ್ತು ಅನ್ನಿ. ಜೊತೆಗಿದ್ದವರು ನೆನಪಾಗ್ತಾರೆ ಅನ್ನಿ. ಆ ಹುಡುಗನ ವಿಷಯ ಮಾತ್ರ ಎತ್ತಬೇಡಿ. ನಿಮ್ಮ ತೊಡೆ ಮೇಲೆ ತಲೆ ಇಟ್ಟು ಪ್ರಾಣ...

ರೀ.

ರೀ, ಎಲ್ಲಿ ಹೋದ್ರಿ? ಛೆ, ನನ್ನ ನಾಲಿಗೆ! ರೀ, ಈ ಕಡೆ... ನನ್ನ ಕೈ ನೋಡಿ. ಇದು ಯಾವ ಬಣ್ಣದ ದಾರ? ಹೇಳಿ. ಬೆರಳಲ್ಲಾದ್ರೂ ತೋರಿಸಿ, ಕುರ್ಚಿ ಬಣ್ಣಾನಾ, ಪರದೆ ಬಣ್ಣಾನಾ... ಹಾಂ, ಪರದೇದು. ನೀಲಿ. ಇದು? ...ಇದು? ಸರಿ, ಹಳದಿ. ಬಂದ್ರಿ. ಬಂದ್ರಲ್ಲ? ಇಲ್ಲೇ ಇದ್ದೀರಿ. ಹಗಲು ಇದು, ನಮ್ಮ ಮನೆ, ಇಸ್ತ್ರಿಪೆಟ್ಟಿಗೆ ಬಿಸಿ ಇದೆ, ಕೈ ತಾಗಿಸ್ಕೋಬೇಡಿ. ನೀರು ಕುಡೀರಿ. ಪ್ಲಾಸ್ಟಿಕ್ ಲೋಟ ಅಂತ ಮುಖ ಸಿಂಡರಿಸ್ಬೇಡಿ, ಸ್ಟೀಲು ಜಾರಿ ಬಿದ್ರೆ ನಿಮಗೇ...

ಡಾಕ್ಟರ ಮುಂದೆ ಹೀಗಾದ್ರೆ ಕಿಟಕಿ ನೋಡಿ. ಗೋಡೆ ಯಾವ ಬಣ್ಣ ಅಂತ ಮನಸ್ಸಲ್ಲೇ ಹೇಳ್ಕೊಳ್ಳಿ. ಅವರು ಅಂದ್ಕೋತಾರೆ, ಯೋಚನೆ ಮಾಡ್ತಿದಾನೆ ಅಂತ.

ಇನ್ನೊಂದೇ ಇರೋದು. ಕೊನೇದು. ಪೆನ್ನು ಕೆಳಗಿಟ್ಟು, ಕುರ್ಚಿಗೆ ಒರಗಿ, ಹರಟೆ ಹೊಡೆಯೋ ಹಾಗೆ ಕೇಳ್ತಾರಂತೆ ಇದನ್ನ. "ಮನೇಲಿ ಯಾರಾದ್ರೂ ನಿಮ್ಮನ್ನ ಕಂಡು ಹೆದರ್ತಾರಾ?" ಅಂತ.

ಇದಕ್ಕೇನು ಪಾಠ ಬೇಡ. ನಕ್ಕುಬಿಡಿ. "ಯಾರು, ನನ್ನ ಹೆಂಡತೀನಾ? ಅವಳ ಬಾಯಿಗೆ ನಾನೇ ಹೆದರ್ತೀನಿ ಡಾಕ್ಟ್ರೇ" ಅನ್ನಿ. ಅವರೂ ನಗ್ತಾರೆ. ನಗ್ತಾ ನಗ್ತಾ ಸಹಿ ಹಾಕ್ತಾರೆ. ನಾಡಿದ್ದು ನೀವು ಬ್ಯಾಂಕ್ ಬಾಗಿಲಲ್ಲಿ. ಹೂಂ, ಹೇಳಿ.

ಹೇಳಿ ರೀ.

ಪ್ರಶ್ನೆ ಕೇಳಿಸ್ತಲ್ಲ?

ಅಲ್ಯಾಕೆ ನೋಡ್ತೀರಿ? ಡಾಕ್ಟರು ಇಲ್ಲಿದೀನಿ. ಆ ಮೇಜಲ್ಲಿ ಏನಿದೆ? ನಾನು ದಿನಾ ಬಟ್ಟೆ ಕತ್ತರಿಸೋ ಮೇಜು...

ಓ. ನಿನ್ನೇದಾ? ಬಚ್ಚಲಲ್ಲಿ ನಿಮ್ಮ ಕೈಯಿಂದ ಬಕೆಟ್ ಬಿತ್ತು, ಪುಟ್ಟಿ ಓಡಿಹೋಗಿ ಆ ಮೇಜಿನ ಕೆಳಗೆ ಸೇರ್ಕೊಂಡ್ಲು. ಅಷ್ಟೇ ತಾನೇ? ನಿನ್ನೇನೇ ಹೇಳಿದ್ನಲ್ಲ, ಅದು ಶಾಲೇಲಿ ಕಲಿಸಿದ್ದು. ಮಾರ್ಕೆಟ್ ಗಲಾಟೆ ಆದ್ಮೇಲೆ ಎಲ್ಲಾ ಶಾಲೆಗಳಲ್ಲೂ ಕಲಿಸ್ತಿದಾರೆ. ಢಂ ಅಂದ್ರೆ ಬೆಂಚಿನ ಕೆಳಗೆ ನುಗ್ಗಬೇಕು, ಬಾಯಿ ಮುಚ್ಕೋಬೇಕು, ಟೀಚರ್ ಕರೆಯೋವರೆಗೂ ಮಿಸುಕಾಡಬಾರದು. ಇಡೀ ಕ್ಲಾಸಲ್ಲಿ ನಮ್ಮ ಪುಟ್ಟೀನೇ ಫಸ್ಟ್ ಅಂತೆ! ಟೀಚರೇ ಹೇಳಿದ್ರು. ಬೇರೆ ಮಕ್ಕಳು ಅಳ್ತವೆ, ನಗ್ತವೆ, ಇವಳಿಗೆ ಮಾತ್ರ ಹೇಳ್ಕೊಡೋದೇ ಬೇಕಾಗ್ಲಿಲ್ಲ, ಮೊದಲೇ ಬರ್ತಿತ್ತು ಅಂತ...

...ಅಂದ್ರೆ, ಚುರುಕು ಹುಡುಗಿ ಅಂತ. ಆ ಅರ್ಥದಲ್ಲಿ ಅಂದಿದ್ದು ಅವರು.

ಯಾಕೆ ಆ ಮೇಜಿಂದ ಕಣ್ಣು ಕೀಳ್ತಿಲ್ಲ?

ಆಟ ರೀ ಅದು. ಮನೇಲಿ ಒಂದು ಆಟ ಆಡ್ತೀವಿ ನಾವು. ಕಣ್ಣಾಮುಚ್ಚಾಲೆ ತರ. ಯಾವಾಗಾ...? ಯಾವಾಗಾದ್ರೂ. ನೀವು ನಿದ್ದೇಲಿ ಕೂಗೋಕೆ ಶುರು ಮಾಡಿದ್ರೆ... ಎದ್ದು ಆ ಗೋಡೆಯಿಂದ ಈ ಗೋಡೆಗೆ ಓಡಾಡ್ತೀರಲ್ಲ, ಆಗ. ನಾವು ಯಾರು ಅಂತ ನಿಮಗೆ ಗೊತ್ತಾಗಲ್ಲವಲ್ಲ, ಆಗ. ಯಾರು ಜಾಸ್ತಿ ಹೊತ್ತು ಸದ್ದು ಮಾಡದೇ ಇರ್ತಾರೋ ಅವರು ಗೆದ್ದ ಹಾಗೆ. ಮಕ್ಕಳಿಗೆ ಅದೊಂದು ಮಜಾ. ಬೆಳಗ್ಗೆ ಒಂದು ಮಿಠಾಯಿ ಕೊಟ್ರೆ ಎಲ್ಲಾ ಮರೆತುಬಿಡ್ತಾಳೆ. ನಿಮಗೆ ಹೇಳಿದ್ರೆ ಸುಮ್ನೆ ಕೊರಗ್ತೀರಿ ಅಂತ...

ಎಲ್ಲಿಗೆ ಎದ್ರಿ? ಅಲ್ಲಿ ಬರೀ ತುಂಡು ಬಟ್ಟೆ ಇರೋದು. ಬೆಡ್‌ಶೀಟ್ ಇಳಿಬಿಟ್ಟಿರೋದು ಧೂಳು ಕೂರದೇ ಇರ್ಲಿ ಅಂತ. ಎತ್ತಬೇಡಿ. ರೀ, ಎತ್ತಬೇಡಿ ಅಂದೆ!

...ಹೂಂ. ಅವಳ ದಿಂಬು. ಅವಳ ನೀರಿನ ಬಾಟ್ಲು. ಗೊಂಬೆ. ಮಕ್ಕಳಾಟದ ಮನೆ ಅಷ್ಟೇ. ಮಕ್ಕಳು ಹೆದರ್ತವೆ ರೀ! ಹಲ್ಲಿಗೂ ಹೆದರ್ತವೆ, ಗುಡುಗಿಗೂ ಹೆದರ್ತವೆ. ಅದನ್ನೆಲ್ಲ ಡಾಕ್ಟರು ಲೆಕ್ಕಕ್ಕೆ ತಗೊಳ್ಳಲ್ಲ. ದೊಡ್ಡೋರು ಯಾರಾದ್ರೂ ಹೆದರಿದ್ರೆ ಬೇರೆ ಮಾತು. ನನ್ನ ಮುಖದಲ್ಲಿ ಯಾವತ್ತಾದ್ರೂ ನೀವು...

ಇನ್ನೂ ಒಳಗೆ ಕೈ ಹಾಕಬೇಡಿ. ಸಾಕು, ಬನ್ನಿ ಹೊರಗೆ. ಇಸ್ತ್ರಿ ಮಾಡಿದ ಪ್ಯಾಂಟು, ಮಂಡಿಯೆಲ್ಲ ಮಣ್ಣಾಗುತ್ತೆ.

ಅದು... ಅದೊಂದು ಹಳೇ ದೊಡ್ಡ ದಿಂಬು.

ಜಾಗ ಇಲ್ಲ ಅಂತ ತುರುಕಿದ್ದೆ ಅಲ್ಲಿ.

ಮೂಸಬೇಡಿ ರೀ. ನನ್ನ ತಲೆಎಣ್ಣೆ ಎಲ್ಲಾ ಕಡೆ ಅಂಟುತ್ತೆ, ಕುರ್ಚಿಗೂ ಅಂಟಿದೆ, ಬೇಕಾದ್ರೆ ನೋಡಿ...

ರೀ.

ಏನಾದ್ರೂ ಅನ್ನಿ. ಬೈಯಿರಿ. ಊರಿನವರ ಬಾಯಿಗೆಲ್ಲ ಉತ್ತರ ಕೊಟ್ಕೊಂಡು ತಿರುಗ್ತೀಯಲ್ಲೇ ಅನ್ನಿ. ಹಾಗೆ ನೋಡಬೇಡಿ ನನ್ನ. ಕೂಗಾಡಿ ಬೇಕಾದ್ರೆ...

ಇಲ್ಲ. ಕೂಗಬೇಡಿ. ಕೂಗಬೇಡಿ, ಆಯ್ತಾ?

ಶರ್ಟ್ ಹಾಕ್ಕೊಳ್ಳಿ. ಬಸ್ಸಿಗೆ ಹೊತ್ತಾಯ್ತು. ದಿಂಬು ಅಲ್ಲೇ ಇಡಿ. ...ಅಲ್ಲೇ ಇಡಿ ಅಂದ್ನಲ್ಲ? ಅದನ್ನ ಕಂಕುಳಲ್ಲಿ ಇಟ್ಕೊಂಡು ಎಲ್ಲಿಗೆ? ಡಾಕ್ಟರಿಗೆ ತೋರಿಸೋಕಾ?

ಬೇಡ ರೀ. ಕೆಲಸ ಹೋಗುತ್ತೆ. ಮೀಸೆ ಗಾರ್ಡ್ ಹಾಗೆ ಮನೇಲಿ ಕೂರಿಸ್ತಾರೆ. ಬೀದೀಲಿ ಎಲ್ಲಾ ನೋಡ್ತಾರೆ, ಅಂಗಡಿಯಣ್ಣ ನೋಡ್ತಾನೆ, ಮೇಲಿಂದ ಅವಳು ನೋಡ್ತಾಳೆ... ತಾಳಿ. ತಾಳಿ, ಬಾಗಿಲು ತೆಗೀಬೇಡಿ. ದೊಡ್ಡ ಬಟ್ಟೆ ಚೀಲ ಇದೆ, ತರ್ತೀನಿ. ಅದರೊಳಗೆ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ.

ಬೇಡ್ವಾ?

...ಎಲ್ಲರಿಗೂ ಕಾಣೋ ಹಾಗೇನಾ?