ಎದುರು ಮನೆಯ ಒಗ್ಗರಣೆ

"ಹಲೋ... ಹಲೋ... ಯಾರು ಮಾತಾಡ್ತಿರೋದು? ... ಯಾರು? ... ಇದು ಭಾಗ್ಯಮ್ಮನ ಫೋನು ಅಲ್ವಾ? ಮತ್ತೆ ಅದನ್ನ ಎತ್ತಿದೋಳು ನೀನ್ಯಾರು?"

ರಾಮಕ್ಕ ಲಗ್ಗೆರೆಯ ತನ್ನ ಮನೆಯ ತಾರಸಿಯ ಮೇಲೆ ನಿಂತು ಮೊಬೈಲನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಭಾಗ್ಯಮ್ಮನ ಮನೆ ಕಣ್ಣೆದುರಿಗೇ ಇತ್ತು. ನಡುವೆ ಇದ್ದದ್ದು ಒಂದು ಆಟೋ ಕಷ್ಟಪಟ್ಟು ನುಗ್ಗುವಷ್ಟು ಓಣಿ. ಕೂಗಿದರೆ ಕೇಳುತ್ತಿತ್ತು, ಆದರೆ ಕೂಗುವುದಕ್ಕೆ ಉಬ್ಬಸದ ರಾಮಕ್ಕನ ಎದೆಯಲ್ಲಿ ಉಸಿರಿರಲಿಲ್ಲ, ಉತ್ತರ ಕೊಡುವುದಕ್ಕೆ ಭಾಗ್ಯಮ್ಮನ ಗಂಟಲಲ್ಲಿ ದನಿಯಿರಲಿಲ್ಲ. ಅದು ಎರಡು ಸಾವಿರದ ಒಂಬತ್ತರ ಶ್ರಾವಣ. ಹಂದಿ ಜ್ವರ ಬೆಂಗಳೂರಿಗೂ ಕಾಲಿಟ್ಟಿತ್ತು. ಶಾಲೆಗಳಿಗೆ ಬೀಗ ಬಿದ್ದಿತ್ತು, ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕಳ್ಳರ ಹಾಗೆ ಓಡಾಡುತ್ತಿದ್ದರು. ಭಾಗ್ಯಮ್ಮ ಆ ಜ್ವರದಲ್ಲೇ ಮಲಗಿದ್ದಳು.

"ಓ... ಮಹಾಲಕ್ಷ್ಮೀನಾ? ಅಂದ್ಕೊಂಡೆ. ನಿನ್ನ ನೀಲಿ ಚಪ್ಪಲಿ ಅವಳ ಮೆಟ್ಲ ಮೇಲೆ ಬಿದ್ದಿರೋದು ಇಲ್ಲಿಗೇ ಕಾಣ್ತದೆ... ಬೆಳಿಗ್ಗೆ ಬೆಳಿಗ್ಗೇನೇ ಓದ್ಯಾ? ... ಏನು, ರಾತ್ರಿಯೆಲ್ಲಾ ಅಲ್ಲೇ ಇದ್ಯಾ? ... ಎಲ್ಲಿ ಮಲಗಿದ್ದೆ? ... ಅವಳ ಮಂಚದ ಪಕ್ಕದಲ್ಲಾ! ... ಸರಿ ಬಿಡು. ಮಲಗಮ್ಮ, ಮಲಗು. ನಂಗೇನು."

ನಂಗೇನು ಎಂದಳೇ ಹೊರತು ಹೊಟ್ಟೆಯೊಳಗೆ ಕೆಂಡ ಬಿದ್ದಿತ್ತು. ಆ ಮಂಚದ ಪಕ್ಕದ ಚಾಪೆ ರಾಮಕ್ಕನದು. ಲಗ್ಗೆರೆ ಇನ್ನೂ ರಾಗಿ ಹೊಲವಾಗಿದ್ದ ಕಾಲದಲ್ಲಿ ಇಬ್ಬರೂ ಒಂದೇ ಓಣಿಗೆ ಸೊಸೆಯರಾಗಿ ಬಂದವರು. ಭಾಗ್ಯಮ್ಮನಿಗೆ ಗರ್ಭಕೋಶದ ಆಪರೇಷನ್ ಆದಾಗ ಆ ಚಾಪೆಯ ಮೇಲೆ ಮಲಗಿ ರಾತ್ರಿಯೆಲ್ಲ ಕಿವಿ ತೆರೆದಿಟ್ಟುಕೊಂಡವಳು ರಾಮಕ್ಕ. ರಾಮಕ್ಕನ ಗಂಡ ದೊಡ್ಡಮುನಿಯಪ್ಪ ತೀರಿಕೊಂಡಾಗ ತಿಂಗಳುಗಟ್ಟಲೆ ಈ ಮನೆಗೆ ಬಂದು ಮಲಗಿದವಳು ಭಾಗ್ಯಮ್ಮ. ಈ ಮನೆಯ ಮೊಸರಿಗೆ ಆ ಮನೆಯ ಹೆಪ್ಪು, ಆ ಮನೆಯ ಹೆರಿಗೆಗೆ ಈ ಮನೆಯ ಕೈ. ಹೀಗೆ ನಡೆದು ಬಂದಿದ್ದಕ್ಕೆ ಈಗ ಅಡ್ಡ ಬಂದವಳು ಯಾರು? ಸರ್ಜಾಪುರದ ಕಡೆಯಿಂದ ಮೊನ್ನೆ ಮೊನ್ನೆ ಬಂದ, ರಾಮಕ್ಕನದೇ ಶೀಟ್ ಮನೆಯಲ್ಲಿ ಬಾಡಿಗೆಗಿರುವ ಒಂಟಿ ಹೆಂಗಸು! ಓಣಿಗೆ ಪರಿಚಯ ಮಾಡಿಸಿದವಳೂ ರಾಮಕ್ಕನೇ, ಅದು ಇನ್ನೂ ಉರಿ.

"ನೋಡು, ಫೋನು ಅವಳ ಕೈಗೆ ಕೊಡು... ನಿದ್ದೇನಾ? ನಿದ್ದೆಯಾದ್ರೆ ಆ ಕೆಮ್ಮು ಯಾರ್ದು? ನಿಂಗೆ ಅವಳ ಕೆಮ್ಮು ಗೊತ್ತಾಗಾಕಿಲ್ಲ ಕಣೇ, ನಂಗೆ ಗೊತ್ತಾಯ್ತದೆ. ಎದ್ದವ್ಳೆ ಅವಳು... ಕೈ ನಡುಗ್ತದಾ? ಅಂಗಾದ್ರೆ ಸ್ಪೀಕರ್ ಒತ್ತಿ ದಿಂಬಿನ ಪಕ್ಕ ಇಡು. ಅವಳ ಗಂಡ ಬೈರಣ್ಣ ತಂದಿರೋ ಚೀನಾ ಸೆಟ್ಟು, ಓಣಿಗೆಲ್ಲಾ ಕೇಳಿಸ್ತದೆ ಅದು..."

"ಭಾಗ್ಯಾ... ಏ ಭಾಗ್ಯಾ, ನಾನು ಕಣೇ... ಎಂಗಿದ್ದೀಯ? ... ಜೋರಾಗಿ ಮಾತಾಡ್ಬ್ಯಾಡ, ಮೆಲ್ಲಗೇ ಏಳು, ನಂಗೆ ಕೇಳಿಸ್ತದೆ... ಇನ್ನೂ ಮೈ ಸುಡ್ತದಾ? ... ಮಾತ್ರೆ ತಗೊಂಡ್ಯಾ? ... ಮತ್ತೆ ವಾಂತೀನಾ? ... ಒಟ್ಟೇಲಿ ಏನೂ ಇಲ್ದೆ ನುಂಗಿದ್ರೆ ಅದಾದ್ರೂ ಎಂಗೆ ನಿಂತ್ಕೊಂತದೆ? ... ಡಾಕ್ಟ್ರು ಏನಂದ್ರು? ... ಇವತ್ತೂ ಮಾತ್ರೆ ಒಳಗೆ ನಿಲ್ಲದೇ ಓದ್ರೆ? ... ಆಸ್ಪತ್ರೆಗಾ? ... ಆ ಬೇರೆ ವಾರ್ಡಿಗಾ? ಅಲ್ಲಿಗೆ ಯಾರನ್ನೂ ಬಿಡಾಕಿಲ್ವಂತಲ್ಲೇ..."

ಆ ವಾರ್ಡಿನ ಸುದ್ದಿಯನ್ನು ಟಿವಿಯಲ್ಲಿ ನೋಡಿದ ದಿನದಿಂದ ಇಡೀ ಓಣಿ ಹೆದರಿತ್ತು. ಒಳಗೆ ಹೋದವರ ಮುಖ ಮನೆಯವರಿಗೂ ಕಾಣುವುದಿಲ್ಲವಂತೆ, ಗಾಜಿನ ಆಚೆಯಿಂದಲೂ ನೋಡಗೊಡುವುದಿಲ್ಲವಂತೆ. ರಾಮಕ್ಕನ ಕೈ ತಾನಾಗಿಯೇ ತಾಳಿಯಿಲ್ಲದ ಕೊರಳಿಗೆ ಹೋಯಿತು.

"ನಾನು ಬತ್ತೀನಿ. ಈಗ್ಲೇ ಇಳಿದು ಬತ್ತೀನಿ... ಏನು ಬ್ಯಾಡ? ... ನಿನ್ನ ಆಣೆ ನೀನೇ ಇಟ್ಕೋ. ಒಸ್ತಿಲು ದಾಟಿದ್ರೆ ನನ್ನಾಣೆ ಅಂತ ಬೈರಣ್ಣನ ಕೈಲಿ ಏಳಿ ಕಳಿಸಿದ್ಯಲ್ಲ, ಎದುರಿಗೆ ಬಂದು ಏಳಾಕಾಗ್ಲಿಲ್ವಾ? ... ಗೊತ್ತು ಕಣೇ, ಉಬ್ಬಸ ಐತೆ. ಓದ್ ಚಳೀಲಿ ಆಸ್ಪತ್ರೆ ಸೇರಿದ್ದು ನಾನು, ನೀನಲ್ಲ... ಈ ಜ್ವರ ನಂಗೆ ಬಂದ್ರೆ ಉಳಿಯಾಕಿಲ್ಲ ಅಂದ್ರಾ? ಯಾರು, ಡಾಕ್ಟ್ರಾ? ಅವನಿಗೇನು ಗೊತ್ತು! ... ಅಂಗಾದ್ರೆ ಅವಳು ಬರಬೌದಾ? ... ಅವಳಿಗೆ ಬಂದು ಓಗೈತೆ, ಅದಕ್ಕಾ? ... ಅಮ್ಮ ಆಗಿ ಎದ್ದೋಳೇ ಅಮ್ಮ ಆದೋಳನ್ನ ನೋಡ್ಕೊಬೇಕು, ಸರಿ, ಸರಿ. ಅದನ್ನ ನಿಂಗೆ ಏಳಿದ್ದೇ ನಾನು. ನನ್ನ ಮಾತು ನಂಗೇ ಏಳ್ಬ್ಯಾಡ."

ನಿಜ, ಅದು ಅವಳದೇ ಮಾತು. ರೀತಿ ರಿವಾಜಿನ ವಿಷಯದಲ್ಲಿ ಓಣಿಗೆಲ್ಲ ರಾಮಕ್ಕನೇ ಮೇಷ್ಟ್ರು. ಮೈಮೇಲೆ ಅಮ್ಮ, ಅಂದರೆ ಸಿಡುಬು, ಎದ್ದ ಮನೆಗೆ, ಅದು ಬಂದು ವಾಸಿಯಾದವರು ಮಾತ್ರ ಹೋಗಬೇಕೆನ್ನುವುದು ಹಳೆಯ ಕಟ್ಟು. ಈ ಹೊಸ ಜ್ವರವೂ ಆ ಅಮ್ಮನ ತಂಗಿಯೇ ಇರಬೇಕೆಂದು ರಾಮಕ್ಕ ತೀರ್ಮಾನಿಸಿದ್ದಳು. ಮಹಾಲಕ್ಷ್ಮಿ ಇದೇ ಜ್ವರದಲ್ಲಿ ಮಲಗಿದ್ದಾಗ ಅವಳ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ದಿನಾ ಹೊಸ್ತಿಲಾಚೆ ಗಂಜಿಯ ಪಾತ್ರೆ ಇಟ್ಟು ಬಂದವಳೂ ಅವಳೇ. ಈಗ ಆ ಕಟ್ಟೇ ಅವಳನ್ನು ತಾರಸಿಯ ಮೇಲೆ ನಿಲ್ಲಿಸಿ, ಗಂಜಿ ಕುಡಿದವಳನ್ನು ಮಂಚದ ಪಕ್ಕಕ್ಕೆ ಕಳಿಸಿತ್ತು. ಭಾಗ್ಯಮ್ಮನ ಗಂಡ ಬೈರಪ್ಪನಿಗೆ ಒಲೆ ಹಚ್ಚುವುದೂ ಬಾರದು, ಬಸುರಿ ಸೊಸೆ ಆಶಾರಾಣಿಯನ್ನು ಮಾಕಳಿಯ ತವರಿಗೆ ಕಳಿಸಿಬಿಟ್ಟಿದ್ದರು. ಮನೆಗೆ ಹೆಂಗಸಿನ ಕೈ ಬೇಕೇ ಬೇಕಿತ್ತು. ಇದೆಲ್ಲ ರಾಮಕ್ಕನ ತಲೆಗೆ ಗೊತ್ತಿತ್ತು, ಹೊಟ್ಟೆಗೆ ಗೊತ್ತಿರಲಿಲ್ಲ.

"ಅದಿರ್ಲಿ... ತಲೆ ಯಾರು ಬಾಚಿದ್ದು? ... ಅವಳೇನಾ? ... ಎಣ್ಣೆ ಆಕಿ? ... ಯಾವ ಎಣ್ಣೆ? ... ಊಂ... ಕಾಲು ಒತ್ತಿದ್ಲಾ? ... ಚೆನ್ನಾಗಿ ಒತ್ತುತಾಳಾ? ... ಒಳ್ಳೇದಾಯ್ತು ಬಿಡು. ಇನ್ನು ನಾನ್ಯಾಕೆ ನಿಂಗೆ."

"ಇಲ್ಲ, ನಂಗೆ ಯಾವ ಕ್ವಾಪಾನೂ ಇಲ್ಲ... ಇಲ್ಲ ಅಂದ್ನಲ್ಲ! ... ಊಟಕ್ಕೆ ಏನು ಮಾಡಾಕ್ತಾಳೆ ಅದು ಏಳು... ಉರುಳಿಕಟ್ಟಿನ ಸಾರಾ? ... ನಿಂಗೆ ಜೀವ ಅಲ್ವೇನೇ ಅದು... ಯಾಕೆ? ... ಇಳೀತಿಲ್ವಾ? ... ಬಿಸ್ನೀರು ಕುಡಿದಂಗಾ? ... ವಾಸ್ನೇಗೇ ವಾಕರಿಕೆ ಬತ್ತದಾ?"

ಹೇಳಬಾರದು, ಆದರೂ ಹೇಳಬೇಕು. ರಾಮಕ್ಕನಿಗೆ ಆ ಕ್ಷಣ ಖುಷಿಯಾಯಿತು. ಗೆಳತಿ ಹಸಿದು ಮಲಗಿದ್ದಾಳೆ, ಗುಳಿಗೆ ನಿಲ್ಲುತ್ತಿಲ್ಲ ಎಂಬುದೆಲ್ಲ ಒಂದು ಪಕ್ಕಕ್ಕೆ ಸರಿದು, ಮಹಾಲಕ್ಷ್ಮಿಯ ಕೈಯಡುಗೆ ಸೇರಲಿಲ್ಲ ಎಂಬ ಒಂದೇ ಸುದ್ದಿ ಹಬ್ಬದ ಊಟದಷ್ಟು ರುಚಿಸಿತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮಹಾಲಕ್ಷ್ಮಿ, ಕೇಳಿಸ್ಕೊಂತಿದ್ದೀಯಾ? ... ಕೇಳಿಸ್ಕೋ. ಎಲ್ರ ಕೈಲೂ ಸಾರು ಬರಾಕಿಲ್ಲ ಕಣೇ. ನಿಮ್ಮ ಸರ್ಜಾಪುರದ ಕಡೆ ಎಂಗೆ ಮಾಡ್ತೀರೋ ಕಾಣೆ... ಏನೇನು ಆಕಿದ್ದೆ? ... ಉಪ್ಪು. ಸರಿ... ಮೆಣಸು? ... ಇಲ್ವಾ? ... ಬೆಳ್ಳುಳ್ಳಿ? ... ಒಗ್ಗರಣೆ? ... ಒಗ್ಗರಣೇನೇ ಇಲ್ವಾ! ಒಗ್ಗರಣೆ ಇಲ್ದಿರೋದನ್ನ ಯಾರಾದ್ರೂ ಸಾರು ಅಂತಾರೇನೇ? ಎಮ್ಮೆ ಕೂಡಾ ಮೂಸಾಕಿಲ್ಲ. ಯಾರು ನಿಂಗೆ ಇಂಥಾ ಬುದ್ಧಿ ಏಳಿಕೊಟ್ಟೋರು?"

"... ಯಾರು?"

"... ನಾನಾ?"

ಓಣಿಯ ನಲ್ಲಿ ರಾಮಕ್ಕನ ಕಣ್ಣಿಗೆ ಬಿತ್ತು. ಜ್ವರದ ಸುದ್ದಿ ಬಂದ ಹೊಸದರಲ್ಲಿ ಅಲ್ಲೇ, ಕೊಡಗಳ ಸಾಲಿನ ಮುಂದೆ ನಿಂತು, ಅವಳು ಎಲ್ಲರಿಗೂ ಅಪ್ಪಣೆ ಕೊಡಿಸಿದ್ದಳು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಸಿಡಿಯಬಾರದು, ಖಾರ ಸೋಕಬಾರದು, ಬೆಳ್ಳುಳ್ಳಿ ಜಜ್ಜಬಾರದು, ಅವಳಿಗೆ ಸಪ್ಪೆಯೇ ಪ್ರೀತಿ, ತಪ್ಪಿದರೆ ಮುನಿಯುತ್ತಾಳೆ. ಎದುರು ಹೇಳುವ ಧೈರ್ಯ ಯಾರಿಗಿತ್ತು! ತಲೆಯಾಡಿಸಿದ್ದರು.

"ಅಂದಿದ್ದೆ... ಅಂದಿದ್ದೆ ಕಣೇ, ಇಲ್ಲ ಅಂದ್ನಾ? ... ಅಷ್ಟು ಜನ ಕೇಳಿದ್ರು, ನೀನೊಬ್ಳೇ ಅದನ್ನ ಇಷ್ಟು ನಿಯತ್ತಾಗಿ ಇಡ್ಕೊಂಡಿದ್ದೀಯಲ್ಲ... ಅವಳಿಗೆ ಇಳೀತಿಲ್ಲ ಅಂತ ಗೊತ್ತಾದಾಗ್ಲಾದ್ರೂ ಒಂದು ಕಾಳು ಸಾಸ್ವೆ ಸಿಡಿಸ್ಬಾರ್ದಾ? ... ಆಂ? ... ನೀನು ಆಕ್ತೀನಿ ಅಂದ್ಯಾ? ... ಬ್ಯಾಡ ಅಂದೋಳು ಭಾಗ್ಯಾನಾ? ... ಏನಂದ್ಲು? ... ಅಕ್ಕ ಬ್ಯಾಡ ಅಂದವ್ಳೆ, ಅಕ್ಕನ ಮಾತು ಮೀರಬ್ಯಾಡ ಅಂತ? ... ಅಂಗಂದ್ಲಾ..."

ರಾಮಕ್ಕ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಭಾಗ್ಯಮ್ಮ ಅಕ್ಕ ಎನ್ನುತ್ತಿದ್ದದ್ದು ಇಡೀ ಲಗ್ಗೆರೆಯಲ್ಲಿ ಅವಳೊಬ್ಬಳನ್ನೇ. ಮಂಚದ ಪಕ್ಕ ಯಾರು ಮಲಗಿದ್ದರೂ ತಲೆದಿಂಬಿನ ಹತ್ತಿರ ಇದ್ದದ್ದು ತನ್ನ ಮಾತೇ ಎಂದು ಅವಳಿಗೆ ಹೆಮ್ಮೆಯಾಯಿತು, ಆ ಮಾತೇ ಗೆಳತಿಯನ್ನು ಉಪವಾಸ ಕೆಡವಿ ಆ ವಾರ್ಡಿನ ಬಾಗಿಲವರೆಗೂ ತಂದಿದೆ ಎಂದು ಜೀವ ನಡುಗಿತು. ಎರಡೂ ಒಟ್ಟಿಗೇ ಆದವು. ಫೋನಿನಲ್ಲಿ ಕರೆನ್ಸಿ ಕಡಿಮೆಯಾಗಿದೆಯೆಂದು ಟೊಂಯ್ ಎಂಬ ಸದ್ದು ಬಂತು.

"ಭಾಗ್ಯಾ... ನಿಂಗೆ ಯಾರೇ ಏಳಿದ್ದು ಇಷ್ಟೊಂದು ಮಾತು ಕೇಳು ಅಂತ? ಆರೋಗ್ಯವಾಗಿದ್ದಾಗ ಒಂದು ದಿನ ಕೇಳಿದೋಳಲ್ಲ ನೀನು! ... ಅಳ್ತಿಲ್ಲ ಕಣೇ. ನೋಡು, ಆ ಮಾತು ವಾಪಸ್ ತಗೊಂಡಿದ್ದೀನಿ. ಅಮ್ಮ ಮುನ್ಕೊಂಡ್ರೆ ನನ್ನ ಮೇಲೆ ಮುನ್ಕೊಳ್ಳಲಿ, ಅವಳಿಗೆ ನಾನು ಉತ್ರ ಏಳ್ಕೊಂತೀನಿ... ಸುಮ್ನಿರು ನೀನು. ಮಹಾಲಕ್ಷ್ಮಿ, ಫೋನು ಇಡ್ಕೊಂಡು ಅಡುಗೆಮನೆಗೆ ನಡಿ."

"ಕಿಟಕಿ ಪಕ್ಕ ಮೊಳೆಗೆ ಕಬ್ಬಿಣದ ಸೌಟು ನೇತಾಕೈತೆ... ಅದೇ. ಒಲೆ ಅಚ್ಚಿ ಅದನ್ನ ಇಡು. ಎಣ್ಣೆ ಬಿಡು... ಇನ್ನೊಂಚೂರು, ಜಿಪುಣತನ ಮಾಡ್ಬ್ಯಾಡ... ಸಾಸ್ವೆ... ಒಣಮೆಣಸಿನಕಾಯಿ ಒಂದೇ ಸಾಕು. ಬೆಳ್ಳುಳ್ಳಿ ಸಿಪ್ಪೆ ಸುಲೀಬ್ಯಾಡ, ಸಿಪ್ಪೆ ಸಮೇತ ಜಜ್ಜಾಕು... ಕೆಂಪಾಯ್ತಾ? ..."

ಇಷ್ಟರವರೆಗಿನದು ಯಾರಿಗಾದರೂ ಬರುವ ಒಗ್ಗರಣೆ. ಇನ್ನು ಮುಂದಿನದು ಅವಳ ಕೈಗುಣ. ಭಾಗ್ಯಮ್ಮ ಕಣ್ಣು ಮುಚ್ಚಿ ಕುಡಿದರೂ ಇದು ಅಕ್ಕನ ಸಾರು ಎಂದು ಹೇಳುತ್ತಿದ್ದದ್ದು ಅದರಿಂದಲೇ. ಅದನ್ನೂ ಇವಳ ಕೈಗೆ ಕೊಟ್ಟರೆ ತನ್ನದು ಅಂತ ಏನುಳಿಯುತ್ತದೆ? ಸಾಕು, ಆಫ್ ಮಾಡು ಎಂದುಬಿಟ್ಟರೆ ಆಗಿಹೋಗುತ್ತಿತ್ತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಆ ಕೆಮ್ಮು ಮತ್ತೆ ಕೇಳಿಸಿತು.

"... ಇದೀನಿ ಕಣೇ, ಇದೀನಿ. ಇಳಿಸ್ಬ್ಯಾಡ. ಕೆಂಪಾದ್ರೆ ಸಾಲ್ದು, ಬೆಳ್ಳುಳ್ಳಿ ಕರ್ರಗಾಗ್ಬೇಕು... ಸೀದೋದಂಗೆ ಕಾಣ್ತದೆ, ಎದರ್ಬ್ಯಾಡ... ಈಗ ಆ ಸೌಟನ್ನೇ ಸಾರಿನೊಳಕ್ಕೆ ಮುಳುಗ್ಸಿ ತಟ್ಟೆ ಮುಚ್ಚಿಬಿಡು. ಒಂದು ಎಳೆ ಒಗೆ ಆಚೆ ಓಗ್ಬಾರ್ದು... ಇದನ್ನ ನನ್ನ ಸೊಸೆ ಲಾವಣ್ಯಂಗೂ ಏಳಿಲ್ಲ. ನೀನು ಓಣಿಯೋರ್ಗೆಲ್ಲಾ ಸಾರ್ಕೊಂಡು ಬರ್ಬ್ಯಾಡ, ಆಯ್ತಾ?"

ಚುಂಯ್ ಎಂಬ ಸದ್ದು ಫೋನಿನಲ್ಲೂ ಕಿಟಕಿಯಲ್ಲೂ ಒಟ್ಟಿಗೇ ಕೇಳಿತು. ತಟ್ಟೆ ಮುಚ್ಚುವುದು ಒಂದು ಚೂರು ತಡವಾಗಿರಬೇಕು, ಘಾಟು ಓಣಿ ದಾಟಿ ಬಂದು ರಾಮಕ್ಕನ ಎದೆಗೇ ಹೊಕ್ಕಿತು. ಅವಳು ಬಗ್ಗಿ ಬಗ್ಗಿ ಕೆಮ್ಮಿದಳು.

"ಏನಿಲ್ಲ... ಘಾಟು... ಕಣೇ... ಯಾರು ಕೂಗ್ತಿರೋದು? ಭಾಗ್ಯಾನಾ? ... ಒಳಗೋಗು ಅಂತಾಳಾ? ... ಎಳ್ಕೊಳೋ ಮದ್ದು ಸೊಂಟದಲ್ಲೇ ಐತೆ ಅಂತ ಏಳು. ಮಲಗಿರೋಳಿಗೆ ನನ್ನ ಯೋಚ್ನೆ ಯಾಕಂತೆ! ... ನೀನು ಓಗು, ಬಟ್ಲಿಗೆ ಬಿಟ್ಕೊಂಡು ಓಗು. ಮೊದ್ಲು ಮೂಗಿನ ಅತ್ರ ಇಡು... ಏನ್ಮಾಡಿದ್ಲು? ... ಕಣ್ಬಿಟ್ಲಾ?"

"ತಲೆ ಎತ್ತಿ ಇಡ್ಕೊ. ಎಡಗೈ ಕೊಡು ಕತ್ತಿಗೆ... ಬಿಸಿ ನೋಡು... ಕುಡಿದ್ಲಾ? ... ಇನ್ನೊಂದು ಗುಟುಕು? ... ವಾಕರಿಕೆ? ... ಇಲ್ವಾ? ... ನಿಂತ್ಕೊಂತಾ? ... ಸ್ವಲ್ಪ ತಡೆದು ಮಾತ್ರೆ ಕೊಡು, ಈಗ್ಲೇ ಬ್ಯಾಡ... ಅಮ್ಮಾ ತಾಯಿ... ನೀನೇನು ಉಂಡೆ ಮಹಾಲಕ್ಷ್ಮಿ? ... ಅದೇ ಸಪ್ಪೇನಾ ನಿಂಗೂ? ... ಬಿಟ್ಕೊಂಡು ಕುಡಿಯೇ, ನೀನೂ ಈಗ ಎದ್ದೋಳು ತಾನೇ."

ಟೊಂಯ್ ಎಂದು ಮತ್ತೆ ಸದ್ದು. ರಾಮಕ್ಕ ಎದ್ದು ತಾರಸಿಯ ಅಂಚಿಗೆ ಬಂದು ನಿಂತಳು. ಎದುರು ಬಾಗಿಲಲ್ಲಿ ಬೇವಿನ ಸೊಪ್ಪು ಬಾಡಿ ನೇತಾಡುತ್ತಿತ್ತು, ಮೆಟ್ಟಿಲ ಮೇಲೆ ನೀಲಿ ಚಪ್ಪಲಿ ಇದ್ದಲ್ಲೇ ಇತ್ತು. ಅದನ್ನು ನೋಡಿದರೆ ಈಗಲೂ ಉರಿಯುತ್ತಿತ್ತು.

"ಏನಂದ್ಲು? ... ಈಗ ಏನೋ ಅಂದ್ಲಲ್ಲ, ಏನಂದ್ಲು? ... ಅಕ್ಕಾ, ಇನ್ನೊಂದು ಸೌಟು ಆಕು ಅಂದ್ಲಾ? ... ಕಣ್ಮುಚ್ಕೊಂಡು ಅಂದ್ಲಾ, ಕಣ್ಬಿಟ್ಕೊಂಡಾ? ... ಮುಚ್ಕೊಂಡೇನಾ! ... ಆಕು ಕಣೇ ಮಹಾಲಕ್ಷ್ಮಿ, ಆಕು, ಸೌಟು ನಿನ್ನ ಕೈಲೈತೆ, ನೀನೇ ಆಕು. ಆದ್ರೆ ಅವಳು ಕೇಳಿದ್ದು ನನ್ನನ್ನ, ಗೊತ್ತಾಯ್ತಾ? ನಿನ್ನಲ್ಲ, ನನ್ನನ್ನ ಕೇಳಿದ್ದು ಅವ... ಹಲೋ? ... ಹಲೋ..."