ಪಂಪಾವತಿಗೆ ಬಿಟ್ಟ ಸೊಲ್ಲು

ಎಮ್ಮಿಗನೂರಿಗೆ ನಾವು ಹಾಡು ಹಿಡಿಯಲು ಹೋಗಿದ್ದೆವು. ಸಿಕ್ಕಿದ್ದು ಮಳೆ.

ನಾವು ಅಂದರೆ ಇಬ್ಬರು. ಹೊಸಪೇಟೆಯಲ್ಲಿ ‘ಸೊಲ್ಲು ರೆಕಾರ್ಡ್ಸ್’ ಎಂಬ ಪುಟ್ಟ ಕಂಪನಿ ನಡೆಸುವ ಕನಕರಾಜಣ್ಣ, ಮತ್ತು ಅವರ ಹತ್ತಿರ ಇಂಟರ್ನ್ ಆಗಿ ಸೇರಿದ್ದ ನಾನು, ಸಂಡೂರಿನ ಯಲ್ಲೇಶ್. ದೊಡ್ಡ ಕಂಪನಿಗಳು ತಿರುಗಿಯೂ ನೋಡದ ಹಾಡುಗಳನ್ನು ಊರೂರು ಅಲೆದು ತಂದು ರೆಕಾರ್ಡು ಮಾಡಿಸುವುದು ನಮ್ಮ ಕಸುಬು. ಇಂಟರ್ನ್ ಎಂಬ ಹೆಸರು ಕೇಳಲು ಚೆಂದ; ಕೆಲಸ ಮಾತ್ರ ವೈರು ಸುತ್ತುವುದು, ಚಹಾ ತರುವುದು, ಹಾಡಿನ ನಡುವೆ ನುಸುಳಿದ ಕೆಮ್ಮು, ನಾಯಿ ಬೊಗಳಿದ್ದು, ಬಸ್ಸಿನ ಹಾರನ್ನು ಇವನ್ನೆಲ್ಲ ಕಂಪ್ಯೂಟರಿನಲ್ಲಿ ಹೆಕ್ಕಿ ಕತ್ತರಿಸುವುದು. ಸೇರಿದ ದಿನವೇ ಅಣ್ಣ ಹೇಳಿದ್ದ ಒಂದು ಮಾತು ನನಗೆ ವಿಚಿತ್ರ ಅನ್ನಿಸಿತ್ತು: “ಏನ್ ಬೇಕಾದ್ರೂ ಕತ್ತರಿಸು. ಭರಮಮ್ಮನ ಹಾಡಿನಾಗ ಸುಮ್ಮನಿರೋ ಜಾಗ ಮಾತ್ರ ಮುಟ್ಟಬ್ಯಾಡ.” ಕಲಾವಿದರ ಹುಚ್ಚು ಒಂದೊಂದು ತರ ಎಂದುಕೊಂಡು ತಲೆಯಾಡಿಸಿದ್ದೆ.

ಆ ಭರಮಮ್ಮನ ಮನೆಯಲ್ಲೇ ಈಗ ಕುಳಿತಿದ್ದೆವು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು, ಕರೆಂಟು ಹೋಯಿತು. ತಗಡಿನ ಮೇಲೆ ಹಾಗೆ ಮಳೆ ಹೊಡೆಯುವಾಗ ಹಾಡು ಹಿಡಿಯುವುದು ಆಗದ ಮಾತು. ಓಣಿಯ ಹೆಂಗಸರು ಗೋಡೆಗೆ ಒರಗಿ ಎಲೆ ಅಡಿಕೆ ಬಿಚ್ಚಿದರು. ಭರಮಮ್ಮನ ಸೊಸೆ ಭಾಗ್ಯ ಸೋರುವ ಕಡೆ ಒಂದು ಬೋಗುಣಿ ಇಟ್ಟಳು. ಮೈಕು ಮುದುಕಿಯ ಮುಂದೆ ನಿಂತೇ ಇತ್ತು. ಬ್ಯಾಟರಿ ಇದೆಯಲ್ಲ, ಮಳೆಯ ಸದ್ದಾದರೂ ಇರಲಿ ಎಂದು ನಾನು ರೆಕಾರ್ಡರ್ ಆರಿಸದೆ, ಹೆಡ್‌ಫೋನ್ ಕಿವಿಗೆ ಹಾಕಿಕೊಂಡೇ ಕುಳಿತಿದ್ದೆ.

“ಹಾಡು ಆಗಂಗಿಲ್ಲ. ಕತಿ ಹೇಳ್ತೀನಿ,” ಅಂದಳು ಭರಮಮ್ಮ. “ದೆವ್ವದ ಕತಿ. ಈ ಕನಕರಾಜ ನಿನಗ ಹೇಳಿರಂಗಿಲ್ಲ.”

ಕನಕರಾಜಣ್ಣ ಲಾಟೀನಿನ ಬತ್ತಿ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದರು. ಮುದುಕಿ ಕಾಲು ಚಾಚಿ, ಬೆನ್ನು ಗೋಡೆಗೆ ಕೊಟ್ಟು ಶುರು ಮಾಡಿದಳು.

“ಕೇಳ್ರಿ. ದೆವ್ವ ಅಂದ್ರ ನೀವು ಬಿಳಿ ಸೀರಿ, ಹಿಂದಕ್ಕ ತಿರುಗಿದ ಪಾದ ಅಂತೀರಿ... ನಾನು ಹೇಳೋ ದೆವ್ವ ಮೊಣಕಾಲತನ ಸೀರಿ ಎತ್ತಿ ಕಟ್ಟಿ, ಬಗಲಾಗ ಸಸಿ ಕಟ್ಟು ಹಿಡಕೊಂಡು ದುಡಿಯಾಕ ಹೊಂಟ ದೆವ್ವ. ನಿಮ್ಮನ್ನ ಹೆದರಿಸಾಕ ಅದಕ್ಕ ಪುರುಸೊತ್ತಿಲ್ಲ. ಹಂಗಾಗಿ ಧೈರ್ಯವಾಗಿ ಕುಂದ್ರಿ.

“ಪಂಪಾವತಿ ಅಂತ ನನ್ನ ಜೋಡಿ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸಿ ಆಗಿ ಬಂದವರು. ಭತ್ತದ ನಾಟಿ ಹಚ್ಚುವಾಗ ನಾನು ಸೊಲ್ಲು ಎತ್ತಾಕಿ, ಆಕಿ ಅದನ್ನ ತಿರುಗಿ ಹಾಡಾಕಿ. ಆಕಿ ಹಾಡುವಾಗ ನಾನು ದಮ್ಮು ತಗೊಳ್ಳೋದು, ನಾನು ಹಾಡುವಾಗ ಆಕಿ... ಹಿಂಗ ಒಬ್ಬರ ಉಸಿರು ಒಬ್ಬರಿಗೆ. ಎಡಚಿ ಆಕಿ. ಎಡಗೈಲೆ ಊರಿದ ಸಸಿ ಒಂಚೂರು ವಾರೆ ನಿಲ್ತಿತ್ತು, ಆಕಿ ಸಾಲು ಯಾವುದಂತ ದಂಡಿ ಮ್ಯಾಲಿಂದನ ಗುರ್ತು ಸಿಗ್ತಿತ್ತು. ಜಗಳ ಆಡಿಲ್ಲೇನು? ಭಾಳ ಆಡೇವಿ. ಮಾತು ಬಿಟ್ಟ ದಿನಾನೂ ಹಾಡು ಬಿಟ್ಟಿಲ್ಲ. ಆಮ್ಯಾಗ ಒಂದು ಮಳಿಗಾಲ ಜ್ವರ ಬಂತು, ಆಕಿ ಹೋದ್ಲು... ನಾನ ಮಣ್ಣು ಕೊಟ್ಟು ಬಂದೆ.

“ನಮ್ಮ ಹಾಡೋರಾಗ ಒಂದು ಪದ್ಧತಿ ಐತಿ. ಜೋಡಿ ಸತ್ರ ಆಕಿ ಸೊಲ್ಲು ಬ್ಯಾರೆಯವರು ಎತ್ತಂಗಿಲ್ಲ. ಆಕಿ ಹಾಡೋವಷ್ಟು ಹೊತ್ತು ಸುಮ್ಮನಿರಬೇಕು, ಆಕಿ ಸಾಲು ಖಾಲಿ ಬಿಡಬೇಕು. ಹಿರೇರು ಉಣ್ಣಾಕ ಬರ್ತಾರ ಅಂತ ಮನಿಯಾಗ ಎಡಿ ಇಡ್ತೀವಲ್ಲ, ಹಂಗ. ಎಡಿ ಇಟ್ಟ ಮ್ಯಾಲ ಯಾರರ ಇಣುಕಿ ನೋಡ್ತಾರೇನು, ಉಂಡ್ರೋ ಇಲ್ಲೋ ಅಂತ?... ನಾನೂ ನೋಡಲಿಲ್ಲ. ಆದ್ರ ಒಬ್ಬಾಕೀನ ಹಾಡಾಕತ್ತೀನಿ ಅಂತ ಒಂದು ದಿನಾನೂ ಅನ್ನಿಸಿಲ್ಲ. ನಾನು ಸುಮ್ಮನಾದಾಗ ಎಡಕ್ಕ ಯಾರೋ ಬಗ್ಗಿ ಎದ್ದಂಗ ಆಗೋದು. ಅಷ್ಟು ಸಾಕಿತ್ತು ನನಗ.

“ಈ ಕನಕರಾಜ ಬಂದು ಹೊಸಪೇಟಿಗೆ ಕರಕೊಂಡು ಹೋದ. ಕಾಲುವಿ ದಂಡಿ ಮ್ಯಾಲ ಮನಿ, ಮಾಳಿಗಿ ಮ್ಯಾಲ ಖೋಲಿ. ಗ್ವಾಡಿಗೆಲ್ಲಾ ಗಾದಿ ಬಡಿದಾನ. ಲೇ, ಗಾದಿ ಇರೋದು ಮಲಗಾಕಲ್ಲೇನೋ ಅಂದ್ರ, ‘ಸಪ್ಪಳ ಮಲಗಲಿ ಅಂತ ಹಾಕೀನವ್ವ’ ಅಂದ. ಅಲ್ಲಿದ್ಲು ಅಪೇಕ್ಷಾ. ಈಗ ನೀ ಮಾಡೋ ಕೆಲಸ ಆಗ ಆಕೀದು, ಯಲ್ಲೇಶ. ಹೊಸಪೇಟಿ ಆಚಾರ್ರ ಮನಿ ಹುಡುಗಿ, ಭಾಳ ಚುರುಕು. ನನಗ ಮಜ್ಜಿಗಿ ತಂದು ಕೊಡೋದು, ಕಾಲಿಗೆ ದಿಂಬು ಇಡೋದು... ‘ನೀವು ಹಾಡ್ರಿ ಅಜ್ಜಿ, ಉಳಿದಿದ್ದು ನನಗ ಬಿಡ್ರಿ’ ಅಂತಿದ್ಲು. ಬಿಟ್ಟೆ ನಾನು.

“ಹಾಡಿ ಮುಗಿಸಿದ ಮ್ಯಾಲ ಆಕಿ ಕೇಳಿದ್ಲು, ‘ಅಜ್ಜಿ, ನಡುನಡುವ ಮರೀತಿತ್ತೇನು? ನಿಲ್ತಿದ್ರಲ್ಲ?’ ನಾನು ಅಂದೆ, ‘ಮರೆತಿಲ್ಲವ್ವ. ಅದು ಪಂಪಾವತಿ ಜಾಗ, ಆಕಿಗೆ ಬಿಟ್ಟೀನಿ.’ ಹೂಂ ಅಂತ ನಕ್ಕು ತಲಿ ಹಾಕಿದ್ಲು. ಆಕಿಗೆ ಏನು ಕೇಳಿಸಿತ್ತು? ಮಣ್ಣು. ಕಿವಿ ಮ್ಯಾಲ ಆ ಡಬ್ಬಿ ಹಾಕ್ಕೊಂಡಾ ಇದ್ಲು, ಈಗ ನೀ ಹಾಕ್ಕೊಂಡೀಯಲ್ಲ, ಹಂಗ.”

ಹೆಂಗಸರು ನಕ್ಕರು. ನಾನು ಹೆಡ್‌ಫೋನಿಗೆ ಕೈ ಹಾಕಿದೆ, ಆದರೆ ತೆಗೆಯಲಿಲ್ಲ. ತಗಡಿನ ಆರ್ಭಟ ಇಳಿದಿತ್ತು. ಕಿವಿಯಲ್ಲಿ ಈಗ ಎಲ್ಲೋ ನೀರಿಗೆ ನೀರು ಬೀಳುವ ಸದ್ದು ಮಾತ್ರ, ಬಿಟ್ಟು ಬಿಟ್ಟು ಬರುತ್ತಿತ್ತು. ಭಾಗ್ಯ ಎದ್ದು ಬೋಗುಣಿಯ ನೀರನ್ನು ಹೊರಗೆ ಚೆಲ್ಲಿ ಬಂದು, ಬೋಗುಣಿಯನ್ನು ಪಾತ್ರೆಗಳ ಜೊತೆ ಕವುಚಿ ಇಟ್ಟಳು.

“ಈ ಕನಕರಾಜ ಕೆಲಸದ ಮ್ಯಾಲ ನಿಮ್ಮ ಸಂಡೂರಿಗೆ ಹೋಗಿದ್ದ. ಅಣ್ಣ ಬರೋದರಾಗ ಹಾಡು ತಯಾರ್ ಮಾಡಿ ತೋರಸ್ತೀನಿ ಅಂತ ಈ ಹುಡುಗಿ ಹಟ ತೊಟ್ಟು ಕುಂತ್ಲು. ಮುದುಕಿ ಮರೆತಾಳ ಅಂತ ತಿಳ್ಕೊಂಡು, ನಾನು ಸುಮ್ಮನಿದ್ದ ಜಾಗ ಎಲ್ಲಾ ಕತ್ತರಿಸಿ, ಸೊಲ್ಲಿಗೆ ಸೊಲ್ಲು ಹೊಲಿದ್ಲು. ಪ್ರೀತಿಲೇ ಮಾಡಿದ್ಲು, ಸಿಟ್ಟು ಮಾಡಬ್ಯಾಡ್ರಿ. ಬಸ್ಸಿಗೆ ಬಂದು, ಇಲ್ಲೇ ಈ ಕಟ್ಟಿ ಮ್ಯಾಲ ಕುಂತು ಕೇಳಿಸಿದ್ಲು... ಏನು ಹೇಳ್ಲಿ? ನನ್ನ ದನಿ ನನ್ನ ದನಿನ ಬೆನ್ನತ್ತಿ ಓಡಾಕತ್ತಿತ್ತು. ನಿಲ್ಲಾಕ ಜಾಗಿಲ್ಲ, ಉಸಿರಿಗೆ ಜಾಗಿಲ್ಲ. ಎದ್ದು ಒಳಗ ಹೋದೆ. ಮಗು ಅಷ್ಟು ದೂರ ಬಂದೈತಿ, ಊಟ ಮಾಡಿಸಿ ಕಳಿಸ್ರಿ ಅಂತ ಸೊಸಿಗೆ ಹೇಳ್ದೆ, ಮತ್ತ ಹೊರಗ ಬರಲಿಲ್ಲ.

“ಮರುದಿನ ಗದ್ದಿಗೆ ಇಳಿದು ಸೊಲ್ಲು ಎತ್ತಿದೆ. ಪಂಪಾವತಿಗೆ ಜಾಗ ಬಿಟ್ಟು ನಿಂತೆ... ಎಡಕ್ಕ ಏನೂ ಇಲ್ಲ. ಬರೀ ಗಾಳಿ. ಎರಡನೇ ಸೊಲ್ಲು ಎತ್ತಾಕ ಹೋದ್ರ ದನಿ ಹೊರಡವಲ್ದು. ಮಾತು ಬರ್ತಿತ್ತು, ಬೈಗುಳ ಸೈತ ಬರ್ತಿತ್ತು, ಕೇಳ್ರಿ ಭಾಗ್ಯಾನ್ನ. ಹಾಡು ಮಾತ್ರ ಇಲ್ಲ. ಗಂಡ ಸತ್ತಾಗ ಅಷ್ಟು ಅತ್ತಿದ್ದಿಲ್ಲ ನಾನು, ಆವತ್ತು ದಂಡಿ ಮ್ಯಾಲ ಕುಂತು ಅತ್ತೆ. ಒಂದು ಸಲ ಮಣ್ಣು ಕೊಟ್ಟಾಕಿನ್ನ ಎರಡನೇ ಸಲ ಕಳಕೊಂಡಿದ್ದೆ. ಅದಕ್ಕಿಂತ ದೊಡ್ಡದು ಏನೈತ್ರಿ ಲೋಕದಾಗ?

“ಅಲ್ಲಾ, ಎಡಿ ತೆಗೆದ್ರ ಬಂದಾಕಿ ಎಲ್ಲಿಗೆ ಹೋಗಬೇಕು?... ಎಡಿ ತೆಗೆದವರ ಮನಿಗೆ ಹೋಗ್ತಾಳ.

“ಹಾಡಹಗಲು, ಗಾದಿ ಬಡಿದ ಖೋಲ್ಯಾಗ ಅಪೇಕ್ಷಾ ಒಬ್ಬಾಕೀನ ಕುಂತಿದ್ಲಂತ. ಹಂಪಿಯವರು ಯಾರೋ ಭಜನಿ ಮಾಡಿದ್ದನ್ನ ಕೇಳಾಕತ್ತಿದ್ಲು. ಅವರು ಉಸಿರು ತಗೊಳ್ಳೋ ಜಾಗದಾಗ ಒಂದು ಸಪ್ಪಳ... ಪಚಕ್. ಕೆಸರಿಗೆ ಕೈ ಇಳಿಸಿ, ಸಸಿ ಊರಿ, ಕೈ ಕಿತ್ತಾಗ ಬರ್ತೈತಲ್ಲ, ಆ ಸಪ್ಪಳ. ವೈರು ಕೆಟ್ಟೈತಿ ಅಂತ ವೈರು ಬದಲಿ ಮಾಡಿದ್ಲು. ಆ ಜಾಗ ಕತ್ತರಿಸಿದ್ಲು. ಅದು ಮುಂದಿನ ಖಾಲಿಗೆ ಹೋಗಿ ಕುಂತಿತು. ಅದನ್ನೂ ಕತ್ತರಿಸಿದ್ಲು... ಇನ್ನೊಂದಕ್ಕ ಹೋತು. ಕತ್ತರಿಸಿ ಕತ್ತರಿಸಿ ಭಜನಿನ ಮುಗೀತು, ಸಪ್ಪಳ ಮುಗೀಲಿಲ್ಲ. ಅಷ್ಟರಾಗ ಅವರವ್ವ ಗಂಗಾಬಾಯಿ ಫೋನ್ ಮಾಡಿದ್ರು. ಎರಡು ಮಾತು ಆಡಿದ್ರೋ ಇಲ್ಲೋ, ‘ಎಲ್ಲಿದ್ದೀಯೇ ನೀನು? ಬಾಜೂಕ ಯಾರೋ ರಾಡಿಯೊಳಗ ಅಡ್ಡಾಡಿಧಂಗ ಕೇಳಸ್ತದ’ ಅಂದ್ರಂತ. ಮಾಳಿಗಿ ಮ್ಯಾಲ, ಗಾದಿ ನಡುವ, ಬಾಗಿಲ ಮುಚ್ಚಿದ ಖೋಲಿ... ಎಲ್ಲಿಂದ ಬರಬೇಕ್ರಿ ರಾಡಿ?

“ಬ್ಯಾರೆಯವರಾದ್ರ ಎದ್ದು ಓಡ್ತಿದ್ರು. ಈ ಹುಡುಗಿ ಓಡಲಿಲ್ಲ, ಅದಕ್ಕ ಆಕಿ ಅಂದ್ರ ನನಗ ಮರ್ಯಾದಿ. ಬೆವರು ಒರೆಸಿಕೊಂಡು ನನ್ನ ಹಾಡು ತೆಗೆದ್ಲು, ಕತ್ತರಿಸದ ಮೂಲ ಹಾಡು. ನಾನು ಸುಮ್ಮನಾದ ಜಾಗಕ್ಕ ಬಂದು ದನಿ ಪೂರಾ ಏರಿಸಿದ್ಲು. ಮೊದಲು ನನ್ನ ಉಸಿರು ಕೇಳಿಸಿತು. ಆಮ್ಯಾಗ... ಇನ್ನೊಂದು ಉಸಿರು. ಹಾಡಿದ ದಿನ ಆ ಖೋಲ್ಯಾಗ ನಾನು ಒಬ್ಬಾಕೀನ ಇದ್ದೆ, ಬಾಗಿಲ ಹಾಕಿದಾಕಿ ಅಪೇಕ್ಷಾನ. ಆವಾಗ ಆಕಿಗೆ ತಿಳೀತು, ತಾನು ಕತ್ತರಿಸಿದ್ದು ಖಾಲಿ ಅಲ್ಲ, ಒಬ್ಬಾಕಿ ಕುಂತ ಜಾಗ ಅಂತ.

“ಕನಕರಾಜನ್ನ ಕರಕೊಂಡು ಓಡಿ ಬಂದ್ಲು. ಇನ್ನೂ ಎಲ್ಲೂ ಕೊಟ್ಟಿಲ್ಲ ಅಜ್ಜಿ, ಎಲ್ಲಾ ಮೊದಲಿನಂಗ ಮಾಡೀನಿ ಅಂತ ಕಾಲು ಹಿಡಿದ್ಲು. ನಾನು ಅಂದೆ, ನನ್ನ ಕಾಲು ಬಿಡವ್ವ, ನೀ ಕಸಗೊಂಡಿದ್ದು ನನ್ನ ಜಾಗ ಅಲ್ಲ, ಪಂಪಾವತೀದು. ಕಂಪ್ಯೂಟರಿನಾಗ ತಿರುಗಿ ಇಟ್ರ ಆತೇನು? ಗದ್ಯಾಗ ಇಡು ಬಾ. ಕೆಸರು ಕಂಡರಿಯದ ಹುಡುಗಿ ಪ್ಯಾಂಟು ಮೊಣಕಾಲಿಗೆ ಮಡಿಚಿ ಇಳಿದ್ಲು. ಪಂಪಾವತಿ ಸಾಲಿನ ಒಂದು ಕಡೆ ನಾನು, ಒಂದು ಕಡೆ ಆಕಿ. ಸಾಲಿನ ತುದಿಗೆ ಸಸಿ ಕಟ್ಟು ಇಟ್ಟು ಸೊಲ್ಲು ಎತ್ತಿದೆ.

“ತುಂಗವ್ವ ಬಂದಾಳ, ಗದ್ದೀಗೆ ಇಳಿದಾಳ...

“ನಿಂತೆ. ನಾಟಿ ಹಚ್ಚೋರು ಎಲ್ಲಾರೂ ನಿಂತ್ರು. ದಂಡಿ ಮ್ಯಾಲಿನ ಎಮ್ಮಿ ಸೈತ ಬಾಲ ಆಡಿಸಲಿಲ್ಲ ಅನ್ನಿಸ್ತು ನನಗ. ಏನೂ ಇಲ್ಲ... ಆ ಹುಡುಗಿ ಕೈ ಮುಗಿದು ಮೆತ್ತಗ ಅಂದ್ಲು, ‘ಪಂಪಾವತಮ್ಮ, ನಿಮ್ಮ ಜಾಗ ನಿಮಗ ಬಿಟ್ಟೀನಿ. ಹಾಡ್ರಿ.’ ಆವಾಗ ಕೇಳಿಸಿತು... ಪಚಕ್. ನೋಡಿದ್ರ ಖಾಲಿ ಸಾಲಿನಾಗ ಒಂದು ಸಸಿ ನಿಂತಿತ್ತು, ಸುತ್ತಲ ನೀರು ಇನ್ನೂ ಅಲಗಾಡಾಕತ್ತಿತ್ತು. ಸಸಿ ಒಂಚೂರು ವಾರೆ.

“ಎರಡನೇ ಸೊಲ್ಲು ತಾನಾಗೇ ಬಂತ್ರಿ ನನ್ನ ಬಾಯಿಗೆ. ಹೊತ್ತು ಮುಳುಗೋತನ ಹಾಡಿದೆ.

“ಅಪೇಕ್ಷಾ ಹೆದರಿ ಕೆಲಸ ಬಿಟ್ಲು ಅಂತ ತಿಳ್ಕೊಬ್ಯಾಡ್ರಿ. ಈಗ ಹಂಪ್ಯಾಗ ತನ್ನದೇ ಒಂದು ಕಂಪನಿ ಮಾಡ್ಯಾಳ. ಯಾರು ಹಾಡಿದ್ರೂ ಮೊದಲು ಒಂದು ಮಾತು ಕೇಳ್ತಾಳಂತ... ‘ನಿಮ್ಮ ಜೋಡಿ ಯಾರು?’”

ಕತೆ ಮುಗಿಯಿತು ಎಂದುಕೊಂಡೆ. ಯಾರೂ ಏಳಲಿಲ್ಲ. ಕನಕರಾಜಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ಭರಮಮ್ಮ ಗೋಡೆಯಿಂದ ಬೆನ್ನು ತೆಗೆದು ಮೈಕಿನ ಕಡೆ ಬಾಗಿದಳು.

“ಇಷ್ಟೊತ್ತು ನಡುನಡುವ ನಿಂತು ನಿಂತು ಹೇಳಿದ್ನಲ್ಲ... ಮುದುಕಿಗೆ ದಮ್ಮು ಅಂದ್ಕೊಂಡ್ಯಲ್ಲಾ ಯಲ್ಲೇಶ? ಕಿವ್ಯಾಗ ಏನು ಕೇಳಸ್ತೈತಿ ಹೇಳು.”

“ಮಳಿ, ಅಜ್ಜಿ,” ಅಂದೆ. “ನೀರಿನ ಸಪ್ಪಳ.”

“ಮಳಿ ನಿಂತು ಭಾಳ ಹೊತ್ತಾತು ತಮ್ಮಾ.”

ನಾನು ಮೇಲೆ ನೋಡಿದೆ. ತಗಡು ಸುಮ್ಮನಿತ್ತು. ಕವುಚಿಟ್ಟ ಬೋಗುಣಿ ಒಣಗಿತ್ತು. ಕಿವಿಯಲ್ಲಿ ಮಾತ್ರ ಸದ್ದು ನಿಂತಿರಲಿಲ್ಲ, ಭರಮಮ್ಮನ ಎಡಕ್ಕೆ, ಯಾರೂ ಕೂರದೆ ಬಿಟ್ಟಿದ್ದ ಜಾಗದಿಂದ ಬರುತ್ತಿತ್ತು. ನನ್ನ ಕೈ ಹೆಡ್‌ಫೋನಿಗೆ ಹೋಯಿತು.

“ತೆಗಿಬ್ಯಾಡ,” ಅಂದಳು ಮುದುಕಿ, ತನ್ನ ಮಗ್ಗುಲನ್ನು ಅಕ್ಕರೆಯಿಂದ ನೋಡುತ್ತಾ. “ಆಕಿ ಆಗಲೇ ಸಾಲು ಹಿಡಿದಾಳ. ಈಗ ಸೊಲ್ಲು ಎತ್ತೀನಿ, ಹಿಡಕೋ. ನಾನು ನಿಂತಾಗ ಮುಗೀತು ಅನ್ಕೋಬ್ಯಾಡ... ಆವಾಗ ಆಕಿ ಹಾಡ್ತಾಳ.”